ಹಗ್ಗ ಹಿಡಿದವಳ ಭಕ್ತಿ

ತಮ್ಮ ಸತ್ತ ಮೇಲೆ ಅಕ್ಕನಿಗೆ ಒಳ್ಳೆಯ ಹೆಸರು ಬಂತು.

ಅಲ್ಲಿಯವರೆಗೆ ಆ ಚರ್ಮದ ಕಾರ್ಖಾನೆಯಲ್ಲಿ ಅವಳನ್ನು ಯಾರೂ ಹೊಗಳಿದ್ದಿಲ್ಲ. ಹರೆಯದಲ್ಲಿ ಕೆಲಸಕ್ಕೆ ಸೇರಿದವಳು ತಲೆ ನರೆಯುವವರೆಗೂ ತೊಗಲು ಕೆರೆದಳು. ಸುಣ್ಣದ ನೀರಿನಲ್ಲಿ ನೆನೆದ ತೊಗಲನ್ನು ಮರದ ದಿಮ್ಮಿಯ ಮೇಲೆ ಹರಡಬೇಕು. ಎರಡು ಹಿಡಿಯ ಬಾಗಿದ ಕತ್ತಿಯಿಂದ ಕೂದಲು ಕೆರೆಯಬೇಕು. ಮಗುಚಿ ಹಾಕಿ ಒಳಮೈಯ ಮಾಂಸದ ಚೂರು ಕೆರೆಯಬೇಕು. ಸುಣ್ಣ ಅವಳ ಉಗುರುಗಳನ್ನು ತಿಂದಿತ್ತು. ಬೆರಳ ಸಂದಿಯ ಚರ್ಮ ಬೆಳ್ಳಗೆ ಸುಲಿದಿತ್ತು. ಎಷ್ಟು ತಿಕ್ಕಿ ತೊಳೆದರೂ ಮೈಯ ವಾಸನೆ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ತುಂಬು ಗರ್ಭಿಣಿ ಬಂದು ನಿಂತರೂ ಏಳದ ಗಂಡಸರು ಪಕ್ಕದಲ್ಲಿ ಅಕ್ಕ ಕೂತರೆ ತಟ್ಟನೆ ಎದ್ದು ನಿಲ್ಲುತ್ತಿದ್ದರು. ಅಷ್ಟು ಮರ್ಯಾದೆ ಅವಳಿಗೆ ಮೊದಲಿನಿಂದಲೂ ಇತ್ತು.

ತಮ್ಮ ಕೂಗುವುದನ್ನು ಕೇಳಿ ಕೇಳಿ ಇಡೀ ಕಾರ್ಖಾನೆ ಅವಳನ್ನು ಅಕ್ಕ ಎಂದೇ ಕರೆಯುತ್ತಿತ್ತು. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಈಗ ಮೇಸ್ತ್ರಿಯೂ ಅಕ್ಕ ಎನ್ನತೊಡಗಿದ. ಮೊದಲು ಅವನು "ಏ, ನೀನು" ಎನ್ನುತ್ತಿದ್ದ.

"ಭಕ್ತಿ ಅಂದ್ರೆ ಅಕ್ಕಂದು," ಎಂದು ಅಂಗಳದ ನಡುವೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದ. "ಒಡಹುಟ್ಟಿದೋನು ಗುಂಡಿಯೊಳಗಿದ್ದ. ಆದ್ರೂ ಗಂಟೆ ಬಿದ್ದ ತಕ್ಷಣ ಹಗ್ಗ ಬಿಟ್ಟು ಕೈಮುಗಿದ್ಲು. ಮಿಸುಕಲಿಲ್ಲ. ನಿಮ್ಮಲ್ಲಿ ಯಾರಿಗಿದೆ ಅಂಥಾ ಎದೆ?"

ಯಾರಿಗೂ ಇರಲಿಲ್ಲ. ಎಲ್ಲರೂ ಅಕ್ಕನ ಕಡೆ ತಿರುಗಿ ನೋಡುತ್ತಿದ್ದರು. ಅಕ್ಕ ತಲೆ ಎತ್ತದೆ ತೊಗಲು ಕೆರೆಯುತ್ತಿದ್ದಳು.

ಗಂಟೆಯ ವಿಷಯ ಹೇಳಬೇಕು. ಯಜಮಾನರಿಗೆ ಒಮ್ಮೆ ಎದೆನೋವು ಬಂದು ಡಾಕ್ಟರುಗಳು ಕೈಚೆಲ್ಲಿದ್ದರು. ಆಮೇಲೂ ಯಜಮಾನರು ಬದುಕಿ ಬಂದರು. ಬದುಕಿಸಿದವನು ದೇವರು ಎಂದು ಅವರ ಮನೆಯ ಗುರುಗಳು ಹೇಳಿದರು. ಸಾವು ತಪ್ಪಿದ್ದು ಯಜಮಾನರಿಗೆ, ಹರಕೆ ತೀರಿಸುವ ಕೆಲಸ ಆಳುಗಳಿಗೆ ಬಿತ್ತು. ದಿನಕ್ಕೆ ಮೂರು ಹೊತ್ತು ಗಂಟೆ. ಮೊದಲ ಗಂಟೆ ಬಿದ್ದರೆ ಕೈಯಲ್ಲಿರುವುದನ್ನು ಕೆಳಗಿಟ್ಟು, ನಿಂತಲ್ಲೇ ಕಣ್ಣುಮುಚ್ಚಿ ಕೈಮುಗಿಯಬೇಕು. ಎರಡನೇ ಗಂಟೆ ಬೀಳುವವರೆಗೆ ಅಲುಗಾಡಬಾರದು. ಕೈ ಖಾಲಿ ಇರಬೇಕು. ದೇವರ ಮುಂದೆ ಕತ್ತಿ ಗುದ್ದಲಿ ಹಿಡಿದು ನಿಲ್ಲುವುದು ಅಹಂಕಾರ ಎಂದು ಗೋಡೆಯ ಮೇಲೆ ಬರೆಸಿದ್ದರು. ಪ್ರಾರ್ಥನೆಗೆ ಹೋದ ಹೊತ್ತನ್ನು ಸಂಜೆ ಹೆಚ್ಚಿಗೆ ದುಡಿದು ತುಂಬಿಕೊಡಬೇಕು ಎಂಬುದನ್ನು ಮಾತ್ರ ಬರೆಸಿರಲಿಲ್ಲ. ಅದು ಎಲ್ಲರಿಗೂ ಬಾಯಿಪಾಠವಾಗಿತ್ತು.

ಎಲ್ಲರ ಕಣ್ಣು ಮುಚ್ಚಿದೆಯೋ ಇಲ್ಲವೋ ನೋಡಲು ಮೇಸ್ತ್ರಿ ಕಣ್ಣು ಬಿಟ್ಟುಕೊಂಡು ಸುತ್ತುತ್ತಿದ್ದ. ಇಡೀ ಕಾರ್ಖಾನೆಯಲ್ಲಿ ಪ್ರಾರ್ಥನೆ ಮಾಡದವನು ಅವನೊಬ್ಬನೇ. "ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ನಮ್ಮ ಪೂಜಾರಿ ಬೂಟು ಹಾಕ್ಕೊಂಡು ತಿರುಗ್ತಾನೆ," ಎಂದು ಪಕ್ಕದ ದಿಮ್ಮಿಯ ಹೆಂಗಸು ಅಕ್ಕನ ಕಿವಿಯಲ್ಲಿ ಹೇಳಿ ನಗುತ್ತಿದ್ದಳು. ಅವಳಿಗೆ ಎಲ್ಲರೂ ಇಟ್ಟ ಹೆಸರು ಬಾಯಿಬಡಕಿ. ನಗುವುದೆಲ್ಲ ಮೇಸ್ತ್ರಿ ದೂರವಿದ್ದಾಗ. ಒಂದು ಸಲ ಸುಣ್ಣದ ತೊಟ್ಟಿಯ ಮುದುಕನಿಗೆ ಪ್ರಾರ್ಥನೆಯ ನಡುವೆ ಕಣ್ಣಿಗೆ ಸುಣ್ಣದ ಹನಿ ಇಳಿಯಿತು. ಉರಿ ತಾಳಲಾರದೆ ಒರೆಸಿಕೊಂಡ. ಮೇಸ್ತ್ರಿ ನೋಡಿದ. ಅಂದು ಸಂಜೆಯೇ ಮುದುಕನ ಪಾತ್ರೆಪಡಗಗಳು ಕಾರ್ಖಾನೆಯ ಸಾಲುಮನೆಯಿಂದ ಬೀದಿಗೆ ಬಿದ್ದವು. ಅವನ ಸೊಸೆ ಮೊಮ್ಮಕ್ಕಳು ಅವುಗಳ ಪಕ್ಕದಲ್ಲಿ ಕೂತಿದ್ದರು. ಸಾಲುಮನೆಯವರು ಬಾಗಿಲು ಹಾಕಿಕೊಂಡು ಒಳಗಿದ್ದರು. ಅಕ್ಕನೂ ಹಾಕಿಕೊಂಡಿದ್ದಳು.

ಕಾರ್ಖಾನೆಯ ಹಿಂದೆ, ಅಂಗಳದ ತುದಿಯಲ್ಲಿ ರಾಡಿಯ ಗುಂಡಿ. ತೊಗಲು ತೊಳೆದ ನೀರು, ಕೂದಲು, ಮಾಂಸದ ಚೂರು, ಸುಣ್ಣ ಎಲ್ಲ ಹರಿದು ಬಂದು ಅಲ್ಲಿ ಕೊಳೆಯುತ್ತಿತ್ತು. ಮೇಲೆ ಕಾಂಕ್ರೀಟು ಹಾಸು. ನಡುವೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ. ಗುಂಡಿ ತುಂಬಿದಾಗ ಒಬ್ಬ ಒಳಗಿಳಿದು ಬಕೆಟ್ಟಿಗೆ ರಾಡಿ ತುಂಬಬೇಕು, ಮೇಲಿದ್ದವರು ಎಳೆದು ಸುರಿಯಬೇಕು. ಇಳಿಯುವವನ ಸೊಂಟಕ್ಕೆ ಒಂದು ಹಗ್ಗ. ಅದರ ತುದಿ ಮೇಲೆ ಒಬ್ಬರ ಕೈಯಲ್ಲಿ. ಆ ಒಬ್ಬರು ಯಾರು ಎಂದು ಇಳಿಯುವವನೇ ಹೇಳಬೇಕು. ಇದನ್ನು ಯಜಮಾನರು ಹೇಳಿಕೊಟ್ಟದ್ದಲ್ಲ, ಗುಂಡಿಗಿಳಿಯುವವರು ತಮ್ಮಷ್ಟಕ್ಕೆ ತಾವು ಮಾಡಿಕೊಂಡದ್ದು. ಬಕೆಟ್ಟು ಯಾರು ಬೇಕಾದರೂ ಎಳೆಯಬಹುದು, ಹಗ್ಗಕ್ಕೆ ಸ್ವಂತದವರೇ ಬೇಕು ಎನ್ನುತ್ತಿದ್ದರು. ಒಳಗಿಂದ ಒಂದು ಸಲ ಎಳೆದರೆ ಸಡಿಲ ಬಿಡು ಎಂದು ಅರ್ಥ. ಮತ್ತೆ ಮತ್ತೆ ಎಳೆದರೆ ನನ್ನನ್ನು ಎತ್ತು ಎಂದು ಅರ್ಥ.

ತಮ್ಮ ಯಾವಾಗಲೂ ಅಕ್ಕನ ಹೆಸರು ಹೇಳುತ್ತಿದ್ದ. ಅಮ್ಮ ಸತ್ತಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಅವನನ್ನು ಬೆನ್ನಿಗೆ ಕಟ್ಟಿಕೊಂಡೇ ಅಕ್ಕ ಹಸಿ ತೊಗಲು ಹೊತ್ತಿದ್ದಳು. ತಾನು ಮದುವೆಯಾಗದೆ ಅವನಿಗೆ ಮಾಡಿದಳು. ಅವನಿಗೊಂದು ಹೆಣ್ಣು ಕೂಸು ಹುಟ್ಟಿದಾಗ ಸಾಲುಮನೆಯ ಒಂದೇ ಕೋಣೆಯಲ್ಲಿ ತಾನು ಬಾಗಿಲ ಹತ್ತಿರಕ್ಕೆ ಹಾಸಿಗೆ ಸರಿಸಿಕೊಂಡಳು. "ನಿನ್ನ ಕೈಲಿ ಹಗ್ಗ ಇದ್ರೆ ನಂಗೆ ಕೆಳಗೆ ನಿದ್ದೆ ಬಂದ್ಬಿಡುತ್ತೆ ಕಣಕ್ಕಾ," ಎಂದು ತಮ್ಮ ನಗಿಸುತ್ತಿದ್ದ.

ಒಳಗಿನ ವಿಷಗಾಳಿ ಹೊರಗೆ ಹೋಗಲೆಂದು ಗುಂಡಿಗೆ ಗಾಳಿ ಊದುವ ಯಂತ್ರವೊಂದು ಇತ್ತು. ಅದು ಕೆಟ್ಟು ಉಗ್ರಾಣದಲ್ಲಿ ಕೂತಿತ್ತು. ಕೇಳಿದರೆ ಮೇಸ್ತ್ರಿ, "ಮಾಡಿಸೋಣ, ಮಾಡಿಸೋಣ," ಎನ್ನುತ್ತಿದ್ದ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದರಂತೆ. ಆ ಗಾದೆ ಕಟ್ಟಿದವನು ಯಾವುದೋ ಕಾರ್ಖಾನೆಯಲ್ಲಿ ದುಡಿದವನೇ ಇರಬೇಕು.

ಆ ದಿನ ಯಜಮಾನರ ನೆಂಟರು ಬಂದಿದ್ದರು. ಆಳುಗಳೆಲ್ಲ ಒಟ್ಟಿಗೆ ನಿಂತು ಪ್ರಾರ್ಥಿಸುವುದನ್ನು ಅವರು ನೋಡಬೇಕಂತೆ. ನೆಂಟರಿಗೆ ನಾತ ಬಡಿಯಬಾರದು ಎಂದು ಬೆಳಗ್ಗೆಯೇ ಗುಂಡಿ ಬಳಿಯಲು ಹೇಳಿದರು. ಮಧ್ಯಾಹ್ನದ ಗಂಟೆಗೆ ಬೇಕಾದಷ್ಟು ಹೊತ್ತಿತ್ತು. "ಗಂಟೆಗೆ ಮುಂಚೆ ಮೇಲೆ ಬಂದ್ಬಿಡ್ತೀನಿ. ಒಟ್ಟಿಗೆ ಊಟ ಮಾಡೋಣ," ಎಂದು ತಮ್ಮ ಇಳಿದ. ಆದರೆ ನೆಂಟರಿಗೆ ಬೇರೆಲ್ಲೋ ಊಟಕ್ಕೆ ಹೇಳಿದ್ದರು. ಅವರಿಗೆ ತಡವಾಗುತ್ತದೆಂದು ಯಜಮಾನರು ಗಂಟೆಯನ್ನು ಮುಂಚೆಯೇ ಹೊಡೆಸಿದರು.

ಬಕೆಟ್ಟು ಎಳೆಯುತ್ತಿದ್ದ ಇಬ್ಬರು ಬಕೆಟ್ಟು ಕೆಳಗಿಟ್ಟು ಕೈಮುಗಿದರು. ಅಕ್ಕ ಸುತ್ತ ನೋಡಿದಳು. ಅಂಗಳದ ಆಚೆ ನೆಂಟರು, ಯಜಮಾನರು, ಗುರುಗಳು. ಈಚೆ ಮೇಸ್ತ್ರಿ. ಅಕ್ಕ ಹಗ್ಗದ ತುದಿಯನ್ನು ಕಬ್ಬಿಣದ ಗೂಟಕ್ಕೆ ಸುತ್ತಿದಳು. ಕೈ ಖಾಲಿ ಮಾಡಿಕೊಂಡಳು. ಕಣ್ಣು ಮುಚ್ಚಿದಳು. ಎರಡನೇ ಗಂಟೆ ಬಿದ್ದ ಮೇಲೆ ಕೂಗಿದಳು. ನಾಲ್ಕು ಜನ ಸೇರಿ ಎಳೆದರು. ತಮ್ಮನ ಬಾಯಿ ಮೂಗಿನ ತುಂಬ ರಾಡಿ ಇತ್ತು.

ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಒಂದಿತ್ತು.

ಹಗ್ಗ ಅಲ್ಲಾಡಿತ್ತು. ಗುಂಡಿಯ ಬಾಯಿಗೆ ಕಬ್ಬಿಣದ ಅಂಚು ಕಟ್ಟಿದ್ದರು. ಹಗ್ಗ ಅದರ ಮೇಲೆ ಉಜ್ಜುವ ಸದ್ದು ಅಕ್ಕನಿಗೆ ಕೇಳಿಸಿತು. ಒಂದು ಸಲ ಉಜ್ಜಿದಾಗ ಸಡಿಲ ಬೇಕೇನೋ ಎಂದುಕೊಂಡಳು. ಮತ್ತೆ ಉಜ್ಜಿತು. ಮತ್ತೆ. ಅಕ್ಕ ಕಣ್ಣು ಬಿಟ್ಟಳು. ಎದುರಿಗೇ ಮೇಸ್ತ್ರಿ ನಿಂತಿದ್ದ. ಅವನು ಹಗ್ಗವನ್ನೇ ನೋಡುತ್ತಿದ್ದ. ಆಮೇಲೆ ಅವಳನ್ನು ನೋಡಿದ. ಬಾಯಿ ಬಿಡಲಿಲ್ಲ. ಮಗುವನ್ನು ಮಲಗಿಸುವವರ ಹಾಗೆ ಅಂಗೈಯನ್ನು ಮೆಲ್ಲಗೆ ಕೆಳಕ್ಕೆ ಆಡಿಸಿದ. ಮುಚ್ಚು, ಮುಚ್ಚು.

ಅಕ್ಕ ಮುಚ್ಚಿದಳು. ಮುದುಕನ ಪಾತ್ರೆಪಡಗ ಕಣ್ಣ ಮುಂದೆ ಬಂದವು. ಅವುಗಳ ಪಕ್ಕದಲ್ಲಿ ತಮ್ಮನ ಕೂಸು ಕೂತ ಹಾಗೆ ಕಂಡಿತು. ಇನ್ನೇನು ಎರಡನೇ ಗಂಟೆ ಬೀಳುತ್ತದೆ, ಅಷ್ಟರಲ್ಲಿ ಏನಾದೀತು ಎಂದುಕೊಂಡಳು. ಸದ್ದು ಇನ್ನೂ ಸ್ವಲ್ಪ ಹೊತ್ತು ಇತ್ತು. ಆಮೇಲೆ ಇರಲಿಲ್ಲ. ಅಷ್ಟು ಜನ ಒಟ್ಟಿಗೆ ಕೈಮುಗಿದು ನಿಂತದ್ದು ನೋಡಿ ನೆಂಟರಲ್ಲಿ ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳಂತೆ.

ಸಾವಿನ ಮನೆಗೆ ಜನ ಬಂದರು. ಬಂದವರು ಬರಿಗೈಯಲ್ಲಿ ಬರಲಿಲ್ಲ, ಒಬ್ಬೊಬ್ಬರು ಒಂದೊಂದು ಕಾರಣ ತಂದರು. ಹಿಂದೆ ಮಾಡಿದ ಕರ್ಮ ಎಂದರು. ದೇವರು ಒಳ್ಳೆಯವರನ್ನೇ ಬೇಗ ಕರೆಸಿಕೊಳ್ಳುತ್ತಾನೆ ಎಂದರು. ಹಾಗಾದರೆ ಉಳಿದ ನಾವೆಲ್ಲ ಎಂಥವರು ಎಂದು ಕೇಳುವ ಮನಸ್ಸಾಯಿತು ಅಕ್ಕನಿಗೆ. ಕೇಳಲಿಲ್ಲ. ಇದೊಂದು ಪರೀಕ್ಷೆ ಎಂದರು. ಬಾಯಲ್ಲಿ ಎರಡೇ ಹಲ್ಲಿರುವ ಆ ಕೂಸಿಗೆ ಎಂಥ ಪರೀಕ್ಷೆ? ಅದನ್ನೂ ಕೇಳಲಿಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ಹೋದನಲ್ಲ, ಎಷ್ಟು ಜನಕ್ಕೆ ಸಿಗುತ್ತದೆ ಅಂಥ ಸಾವು ಎಂದು ಹೊಟ್ಟೆಕಿಚ್ಚು ಪಡುವವರ ಹಾಗೆ ಹೇಳಿದವರೂ ಇದ್ದರು. ಅವರಲ್ಲಿ ಯಾರೂ ಗುಂಡಿಗಿಳಿಯುವವರಿರಲಿಲ್ಲ.

ತಮ್ಮನ ಹೆಂಡತಿ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಚಿಕ್ಕ ವಯಸ್ಸು. ಮೊದಲೆರಡು ದಿನ ಗೋಡೆಗೆ ತಲೆ ಚಚ್ಚಿಕೊಂಡಿದ್ದಳು. ಗುರುಗಳು ಬಂದು ಮಾತಾಡಿ ಹೋದ ಮೇಲೆ ಎದ್ದು ಮುಖ ತೊಳೆದಳು, ಕೂಸಿಗೆ ಹಾಲೂಡಿಸಿದಳು.

"ಪ್ರಾರ್ಥನೆ ಹೊತ್ತಲ್ಲಿ ಹೋಗೋರಿಗೆ ನೋವೇ ಆಗಲ್ವಂತೆ ಅಕ್ಕಾ," ಎಂದಳು. "ನಿದ್ದೆ ಬಂದ ಹಾಗೆ ಹೋಗ್ಬಿಟ್ಟಿರ್ತಾರಂತೆ. ಅವರಿಗೆ ಗೊತ್ತೇ ಆಗಿರಲ್ವಂತೆ."

ಅಕ್ಕ ಹೂಂ ಎಂದಳು.

"ಕೊನೇಲಿ ಅವರ ಹತ್ರ ಇದ್ದೋರು ನೀವೊಬ್ರೇ. ನಂಗೆ ಅದೇ ಸಮಾಧಾನ."

ಊಟಕ್ಕೆ ಮೊದಲು ಅಕ್ಕನಿಗೆ ಬಡಿಸಿ ಆಮೇಲೆ ತಾನು ತಿನ್ನುತ್ತಿದ್ದಳು. ಅಕ್ಕನ ಸುಲಿದ ಬೆರಳುಗಳಿಗೆ ಎಣ್ಣೆ ಹಚ್ಚಲು ಬರುತ್ತಿದ್ದಳು. ಅಕ್ಕ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಒಂದೇ ಕೋಣೆಯಲ್ಲಿ ಮೂರು ಜೀವ. ಹೇಳಿಕೊಳ್ಳಲು ಯಾರೂ ಇಲ್ಲ. ಕೂಸು ಮಡಿಲಿಗೆ ಬಂದು ಸೆರಗು ಹಿಡಿದು ಎಳೆದರೆ ಅಕ್ಕ ಎದ್ದು ಹೊರಗೆ ಹೋಗಿ ಚರಂಡಿಯ ಪಕ್ಕ ನಿಲ್ಲುತ್ತಿದ್ದಳು. ಒಳಗಿಂದ ತಮ್ಮನ ಹೆಂಡತಿ, "ಪಾಪ, ತಮ್ಮನ್ನ ಕಳ್ಕೊಂಡ ದುಃಖ," ಎಂದು ಪಕ್ಕದ ಮನೆಯವರಿಗೆ ಹೇಳುವುದು ಕೇಳಿಸುತ್ತಿತ್ತು.

ಒಂದು ಬೆಳಗ್ಗೆ ಅಕ್ಕ ಬಾಯಿಬಡಕಿಗೆ ಹೇಳಿದಳು. ಇಬ್ಬರೂ ದಿಮ್ಮಿಯ ಮೇಲೆ ಬಗ್ಗಿದ್ದರು. ಸುತ್ತ ಯಾರೂ ಇರಲಿಲ್ಲ.

"ಅವತ್ತು ಹಗ್ಗ ಅಲ್ಲಾಡಿತ್ತು ಕಣೇ."

ಬಾಯಿಬಡಕಿಯ ಕತ್ತಿ ನಿಂತಿತು. ಊರಿನ ಸುದ್ದಿಯೆಲ್ಲ ಬೇಕು ಅವಳಿಗೆ. ಯಾರ ಮನೆಯ ಒಲೆಯ ಮೇಲೆ ಏನಿದೆ ಎಂದು ಹೇಳುವವಳು. ಅವಳು ಕತ್ತಿಯ ಅಂಚನ್ನೇ ನೋಡುತ್ತ ನಿಂತಳು.

"ಅದನ್ನ ನಂಗೆ ಹೇಳ್ಬೇಡ," ಎಂದಳು ಕೊನೆಗೆ. "ನಂಗೂ ಮಕ್ಕಳಿದ್ದಾರೆ. ನಾನು ಕೇಳಿಸ್ಕೊಂಡಿಲ್ಲ. ಆಯ್ತಾ?"

ಮಾರನೇ ದಿನ ಅವಳು ಬಾಗಿಲ ಹತ್ತಿರದ ದಿಮ್ಮಿಗೆ ಹೋದಳು. ಇಲ್ಲಿ ಗಾಳಿ ಬರಲ್ಲ ಎಂದು ನೆಪ ಹೇಳಿದಳು. ಪಕ್ಕದ ದಿಮ್ಮಿ ಖಾಲಿ ಬಿತ್ತು.

ಅಕ್ಕ ಗುರುಗಳ ಹತ್ತಿರ ಹೋದಳು. ವಾಸನೆಗೆ ಅಂಜಿ ಹೊಸ್ತಿಲ ಹೊರಗೇ ನಿಂತಳು. ಗುರುಗಳು ಎದ್ದು ಬಂದು, "ಒಳಗೆ ಬಾ ತಾಯಿ," ಎಂದು ಕರೆದು ಕುರ್ಚಿ ತೋರಿಸಿದರು. ಮೂಗು ಮುಚ್ಚಿಕೊಳ್ಳಲಿಲ್ಲ. ಅಷ್ಟಕ್ಕೇ ಅಕ್ಕನಿಗೆ ಅಳು ಬಂತು. ಕುರ್ಚಿಯ ಅಂಚಿನಲ್ಲಿ ಕೂತಳು.

"ಎಲ್ಲಾ ದೇವರ ಇಚ್ಛೇನಾ ಗುರುಗಳೇ?"

"ಎಲ್ಲಾ ಅವನದೇ. ಅವನ ಅಪ್ಪಣೆ ಇಲ್ಲದೆ ಒಂದು ಹುಲ್ಲುಕಡ್ಡಿನೂ ಅಲ್ಲಾಡೋದಿಲ್ಲ."

"ಹಗ್ಗ?"

"ಏನು ತಾಯಿ?"

"ಹಗ್ಗ ಅಲ್ಲಾಡಿದ್ರೆ? ಅದೂ ಅವನ ಅಪ್ಪಣೇನಾ?"

ಗುರುಗಳು ಅವಳನ್ನು ನೋಡಿದರು. ಎದ್ದು ಹೋಗಿ ಬಾಗಿಲು ಹಾಕಿ ಬಂದರು. "ಅಲ್ಲಾಡಿತ್ತಾ?"

"ಅಲ್ಲಾಡಿತ್ತು."

"ಇನ್ಯಾರಿಗೆ ಗೊತ್ತು?"

"ಮೇಸ್ತ್ರಿಗೆ."

ಗುರುಗಳೇನೂ ಕೆಟ್ಟ ಮನುಷ್ಯರಲ್ಲ. ಅವರ ಮುಖದಲ್ಲಿ ನಿಜವಾದ ಸಂಕಟವಿತ್ತು. ಆದರೆ ಸಂಕಟಕ್ಕೆ ಅವರ ಹತ್ತಿರ ಸಿದ್ಧ ಔಷಧಿಯೂ ಇತ್ತು. "ನೋಡು ತಾಯಿ," ಎಂದರು. "ನಾವು ಬರೀ ನಿಮಿತ್ತ. ಹಗ್ಗ ಬಿಟ್ಟೋಳು ನೀನಲ್ಲ, ಬಿಡಿಸಿದೋನು ಅವನು. ಯಾಕೆ ಅಂತ ನಮಗೆ ಗೊತ್ತಾಗಲ್ಲ. ನಮ್ಮ ಬುದ್ಧಿ ಎಷ್ಟು ಅಂತ ಇದೆ? ಈ ಭಾರ ನೀನು ಹೊರಬೇಡ. ಅವನ ಪಾದದ ಹತ್ರ ಇಟ್ಟು ಹಗುರಾಗು. ನಿನ್ನ ಮೇಲೆ ಯಾವ ತಪ್ಪೂ ಇಲ್ಲ."

ಯಾವ ತಪ್ಪೂ ಇಲ್ಲ. ಆ ಮಾತು ಕೇಳಲೆಂದೇ ತಾನು ಬಂದದ್ದು ಎಂದು ಅಕ್ಕನಿಗೆ ಆಗ ತಿಳಿಯಿತು. ದಾರಿಯುದ್ದಕ್ಕೂ ಅತ್ತಳು. ಮನೆಗೆ ಬಂದು ತಮ್ಮ ಸತ್ತ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡಳು. ಕೂಸನ್ನು ಮಡಿಲಲ್ಲಿ ಕೂರಿಸಿಕೊಂಡಳು. ತಮ್ಮನ ಹೆಂಡತಿ ಅವಳ ಬೆರಳಿಗೆ ಎಣ್ಣೆ ಹಚ್ಚಿದಳು, ಅವಳು ಹಚ್ಚಿಸಿಕೊಂಡಳು. ಆ ಸುಖ ಎಷ್ಟಿತ್ತೆಂದು ಹೇಳಲಿಕ್ಕಾಗದು.

ಮಾರನೇ ದಿನ ತೊಗಲು ಕೆರೆಯುತ್ತ ಯೋಚಿಸಿದಳು. ಕೆರೆಯುವಾಗ ಯೋಚನೆಗೆ ತಡೆಯಿಲ್ಲ. ಹಗ್ಗ ಬಿಟ್ಟ ಕೈ ನನ್ನದಲ್ಲದಿದ್ದರೆ ಮುಚ್ಚು ಎಂದ ಕೈಯೂ ಮೇಸ್ತ್ರಿಯದಲ್ಲ. ಗಂಟೆಯನ್ನು ಮುಂಚೆ ಹೊಡೆಸಿದ್ದೂ ಯಜಮಾನರಲ್ಲ. ಗಾಳಿ ಯಂತ್ರ ಕೆಟ್ಟು ಕೂತದ್ದೂ ಅವನ ಇಚ್ಛೆಯೇ. ನೆಂಟರ ಊಟವೂ ಅವನ ಇಚ್ಛೆಯೇ. ದೇವರು ಒಬ್ಬನೇ ಎಲ್ಲವನ್ನೂ ಮೈಮೇಲೆ ಹಾಕಿಕೊಂಡು ಇವರಿಗೆಲ್ಲ ಬಿಡುಗಡೆ ಕೊಟ್ಟುಬಿಟ್ಟ. ಬಿಡುಗಡೆ ಸಿಗದವನು ಕೆಳಗಿದ್ದ ತಮ್ಮನೊಬ್ಬನೇ. ನನ್ನನ್ನು ಬಿಟ್ಟರೆ ಅವರನ್ನೂ ಬಿಡಬೇಕು. ಅವರನ್ನು ಹಿಡಿಯಬೇಕಾದರೆ ಮೊದಲು ನಾನು ಸಿಕ್ಕಿಬೀಳಬೇಕು. ಈ ಲೆಕ್ಕ ಎಷ್ಟು ಸಲ ಮಾಡಿದರೂ ಹಾಗೇ ಬಂತು. ಕತ್ತಿ ಜಾರಿ ಅವಳ ಹೆಬ್ಬೆರಳನ್ನು ಕುಯ್ದಿತು. ಸುಣ್ಣದ ನೀರು ಗಾಯಕ್ಕೆ ಹೋಗಿ ಉರಿಯಿತು. ಉರಿಯಲಿ ಎಂದು ಬಿಟ್ಟಳು.

ಅಂದೇ ಮಧ್ಯಾಹ್ನ ಮೇಸ್ತ್ರಿ ಬಂದು ಖಾಲಿ ದಿಮ್ಮಿಯ ಮೇಲೆ ಕೂತ. ಮುಖದ ತುಂಬ ನಗು.

"ಒಳ್ಳೆ ಸುದ್ದಿ ಅಕ್ಕಾ. ಯಜಮಾನರು ದೊಡ್ಡ ಗಂಟೆ ಮಾಡಿಸಿದ್ದಾರೆ. ನಿನ್ನ ತಮ್ಮನ ಹೆಸರು ಕೊರೆಸಿದ್ದಾರೆ ಅದರ ಮೇಲೆ. ಮೊದಲನೇ ಗಂಟೆ ನಿನ್ನ ಕೈಲೇ ಹೊಡೆಸ್ಬೇಕಂತೆ. ಎಲ್ಲರ ಮುಂದೆ ನಿನಗೆ ಸನ್ಮಾನ."

"ಗಾಳಿ ಯಂತ್ರ?"

"ಅದಕ್ಕೆಲ್ಲಿಂದ ತರೋದು? ಗಂಟೆಗೇ ಖರ್ಚಾಯ್ತಲ್ಲ." ಅವನು ಮುಂದೆ ಬಾಗಿದ. "ನೀನಿನ್ನು ತೊಗಲು ಮುಟ್ಟೋದು ಬೇಡ. ಪ್ರಾರ್ಥನೆ ಕೋಣೆ ಗುಡಿಸ್ಕೊಂಡು ಇದ್ದುಬಿಡು. ಆ ಹುಡುಗಿಗೂ ಕೂಸಿಗೂ ಸಾಲುಮನೆ ಖಾಯಂ. ಯಾರೂ ಬಿಡಿಸೋ ಹಾಗಿಲ್ಲ. ನಾನೇ ಮುಂದೆ ನಿಂತು ಹೇಳಿ ಮಾಡ್ಸಿದ್ದೀನಿ. ಯಾಕೆ ಅಂತ ನಿಂಗೂ ಗೊತ್ತು, ನಂಗೂ ಗೊತ್ತು."

ಅಕ್ಕ ಏನೂ ಹೇಳಲಿಲ್ಲ. ಮೇಸ್ತ್ರಿ ಅದನ್ನು ಒಪ್ಪಿಗೆ ಎಂದುಕೊಂಡ. ಸುಮ್ಮನಿದ್ದವರೆಲ್ಲ ಒಪ್ಪಿದವರು ಎಂಬ ಲೆಕ್ಕದ ಮೇಲೇ ಅವನ ನೌಕರಿ ನಡೆದಿತ್ತು.

ಸನ್ಮಾನದ ದಿನ ತಮ್ಮನ ಹೆಂಡತಿ ಕೂಸಿಗೆ ತೊಳೆದ ಅಂಗಿ ಹಾಕಿದಳು. ಅಕ್ಕನ ತಲೆ ಬಾಚಿದಳು. "ಅವರ ಹೆಸರು ದಿನಾ ಮೂರು ಹೊತ್ತು ಕೇಳುತ್ತೆ ಅಲ್ವಾ ಅಕ್ಕಾ?" ಎಂದು ಕೇಳಿದಳು. ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂದಿತ್ತು. ಅಕ್ಕ ಬಾಯಿ ತೆರೆದಳು. ಅವಳೊಬ್ಬಳಿಗೆ, ಇಲ್ಲೇ, ಈ ಕೋಣೆಯಲ್ಲೇ ಹೇಳಿಬಿಡಬೇಕು ಎನಿಸಿತು. ಧೈರ್ಯ ಸಾಲಲಿಲ್ಲ. ಬಾಚಣಿಗೆ ತಲೆಯ ಮೇಲೆ ಓಡುತ್ತಿತ್ತು, ಹಿತವಾಗಿತ್ತು.

ಅಂಗಳದ ತುಂಬ ಜನ. ಕಬ್ಬಿಣದ ಕಂಬಗಳಿಗೆ ಹೊಸ ಗಂಟೆ ತೂಗುಹಾಕಿದ್ದರು. ಅದರಿಂದ ಬೆಳ್ಳನೆಯ ಹೊಸ ಹಗ್ಗ ಇಳಿಬಿದ್ದಿತ್ತು. ಗುರುಗಳು ಮಾತಾಡಿದರು. ದುಃಖ ಬಂದಾಗ ಯಾಕೆ ಎಂದು ಕೇಳಬಾರದು, ಬಾಗಬೇಕು, ಬಾಗಿದವರನ್ನು ಅವನು ಎತ್ತುತ್ತಾನೆ ಎಂದರು. ಮಾತಾಡುವಾಗ ಅವರು ಅಕ್ಕನ ಕಡೆ ನೋಡಲಿಲ್ಲ. ಯಜಮಾನರು ಮಾತಾಡಿದರು. ಇಂಥ ಭಕ್ತೆ ನಮ್ಮಲ್ಲಿರುವುದು ನಮ್ಮ ಪುಣ್ಯ ಎಂದರು. ಅಕ್ಕನ ಹೆಗಲಿಗೆ ಒಂದು ಶಾಲು ಬಂತು. ಮೇಸ್ತ್ರಿ ಹಗ್ಗದ ತುದಿಯನ್ನು ತಂದು ಅವಳ ಕೈಯಲ್ಲಿಟ್ಟ.

ಅಕ್ಕ ಹಗ್ಗ ನೋಡಿದಳು. ಬಿಟ್ಟಳು.

"ನಾನು ಭಕ್ತೆ ಅಲ್ಲ," ಎಂದಳು. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ನಾನು ಹೆದರಿದೆ."

ಯಜಮಾನರು ನಗುತ್ತ, "ವಿನಯ ನೋಡಿ," ಎಂದರು.

"ವಿನಯ ಅಲ್ಲ. ಹಗ್ಗ ಅಲ್ಲಾಡ್ತು. ನಂಗೆ ಕೇಳಿಸ್ತು. ಕಣ್ಣು ಬಿಟ್ಟೆ. ಈ ಮೇಸ್ತ್ರಿ ಎದುರಿಗೆ ನಿಂತಿದ್ದ. ಅವನೂ ನೋಡಿದ. ಮುಚ್ಚು ಅಂತ ಕೈ ಮಾಡಿದ. ಮುಚ್ಚಿದೆ. ಮನೆ ಹೋಗುತ್ತೆ ಅಂತ ಮುಚ್ಚಿದೆ."

ಮೇಸ್ತ್ರಿ ಯಜಮಾನರನ್ನು ನೋಡಿದ.

"ನಿಮ್ಮ ನೆಂಟರಿಗೆ ಊಟಕ್ಕೆ ತಡ ಆಗುತ್ತೆ ಅಂತ ಗಂಟೆ ಹೊಡೆಸಿದ್ರಿ," ಎಂದಳು ಅಕ್ಕ ಯಜಮಾನರಿಗೆ. ಆಮೇಲೆ ಗುರುಗಳ ಕಡೆ ತಿರುಗಿದಳು. "ಹುಲ್ಲುಕಡ್ಡಿ ಅಲ್ಲಾಡಿಸೋ ನಿಮ್ಮ ದೇವರಿಗೆ ಆ ಹಗ್ಗ ಕಾಣಿಸ್ಲಿಲ್ವಾ? ಕಾಣಿಸಿದ್ರೆ ಅವನೂ ಈ ಮೇಸ್ತ್ರಿ ಹಾಗೇ ನೋಡ್ತಾ ನಿಂತಿದ್ದ. ಕಾಣಿಸದೆ ಇದ್ರೆ ಅವನಿಗ್ಯಾಕೆ ನಾವು ಕೈಮುಗೀಬೇಕು? ದೇವರು ಕರ್ಕೊಂಡ, ದೇವರು ಕರ್ಕೊಂಡ ಅಂತೀರಲ್ಲ. ದೇವರು ಯಾರನ್ನೂ ಕರೀಲಿಲ್ಲ. ಕರೆದೋನು ನನ್ನ ತಮ್ಮ. ನನ್ನ ಕರೆದ. ನಾನು ಹೋಗ್ಲಿಲ್ಲ."

ಶಾಲು ತೆಗೆದು ಕೆಳಗಿಟ್ಟಳು. ಎಸೆಯಲಿಲ್ಲ, ಇಟ್ಟಳು.

ಯಜಮಾನರು ಗಂಟಲು ಸರಿಮಾಡಿಕೊಂಡರು. "ಪಾಪ, ದುಃಖದಲ್ಲಿ ತಲೆ ಕೆಟ್ಟಿದೆ. ಎಲ್ಲರೂ ಅವಳಿಗೋಸ್ಕರ ಪ್ರಾರ್ಥನೆ ಮಾಡೋಣ," ಎಂದು ಮೇಸ್ತ್ರಿಗೆ ಸನ್ನೆ ಮಾಡಿದರು. ಮೇಸ್ತ್ರಿ ಹಗ್ಗ ಜಗ್ಗಿದ. ಹೊಸ ಗಂಟೆ ಹೊಡೆಯಿತು.

ಕೈಗಳೆಲ್ಲ ತಾವಾಗಿಯೇ ಮೇಲೆ ಬಂದವು. ಕಣ್ಣುಗಳು ಮುಚ್ಚಿದವು. ಯೋಚನೆ ಮಾಡುವಷ್ಟು ಹೊತ್ತೂ ಹಿಡಿಯಲಿಲ್ಲ. ಬಾಯಿಬಡಕಿಯ ಮುಚ್ಚಿದ ಕಣ್ಣುಗಳಿಂದ ನೀರು ಇಳಿಯುತ್ತಿತ್ತು, ಆದರೆ ಕಣ್ಣು ಮುಚ್ಚಿಯೇ ಇತ್ತು. ಅಷ್ಟು ಜನರ ಎದುರಿಗೆ ಅಕ್ಕ ಒಬ್ಬಳೇ ಕಣ್ಣು ಬಿಟ್ಟುಕೊಂಡು ನಿಂತಳು. ಯಾರಾದರೂ ಬೈಯಲಿ ಎನಿಸಿತು ಅವಳಿಗೆ. ಒಬ್ಬರಾದರೂ ಬಂದು ಹೊಡೆಯಲಿ ಎನಿಸಿತು. ಯಾರೂ ಮಿಸುಕಲಿಲ್ಲ.

ಹಿಂದಿನ ಸಾಲಿನಿಂದ ಯಾರೋ ಜನರನ್ನು ಸರಿಸಿಕೊಂಡು ಬರುತ್ತಿದ್ದರು. ತಮ್ಮನ ಹೆಂಡತಿ. ಕೂಸು ಸೊಂಟದ ಮೇಲಿತ್ತು. ಬಂದು ಅಕ್ಕನ ಎದುರು ನಿಂತಳು.

"ಅವರು ಎಳೆದ್ರಾ?" ಎಂದು ಕೇಳಿದಳು.

"ಹೂಂ."

"ಎಷ್ಟು ಸಲ?"

"ಎಣಿಸಲಿಲ್ಲ," ಎಂದಳು ಅಕ್ಕ. "ನಿಲ್ಲೋವರೆಗೂ ಎಳೆದ."

ಆ ಮೌನದಲ್ಲಿ ಅದು ಎಲ್ಲರಿಗೂ ಕೇಳಿಸಿತು. ಯಾರೋ ಬಿಕ್ಕಿದರು. ತಮ್ಮನ ಹೆಂಡತಿ ಅಳಲಿಲ್ಲ. ಗುರುಗಳ ಕಡೆ ತಿರುಗಿ, "ನೋವೇ ಆಗ್ಲಿಲ್ಲ ಅಂದ್ರಿ," ಎಂದಳು. ಗುರುಗಳು ಕಣ್ಣು ತೆರೆಯಲಿಲ್ಲ. ಅವಳು ಮತ್ತೆ ಅಕ್ಕನನ್ನು ನೋಡಿದಳು. ಇಷ್ಟು ದಿನ ಅಕ್ಕನನ್ನು ನೀವು ಎನ್ನುತ್ತಿದ್ದವಳು.

"ಪೊಲೀಸರ ಹತ್ರಾನೂ ಇದನ್ನೇ ಹೇಳ್ತೀಯಾ?"

"ಹೇಳ್ತೀನಿ."

"ಈ ಮೇಸ್ತ್ರಿ ಹೆಸರು? ಯಜಮಾನರ ಹೆಸರು?"

"ಎಲ್ಲಾ ಹೇಳ್ತೀನಿ. ನನ್ನದೂ."

"ಹಾಗಾದ್ರೆ ಈಗಲೇ ಬಾ. ಹೇಳಿ ಮುಗಿಸು." ಕೂಸು ಅಕ್ಕನ ಕಡೆ ಕೈ ಚಾಚಿತು. ಅವಳು ಅದನ್ನು ಇನ್ನೊಂದು ಸೊಂಟಕ್ಕೆ ಸರಿಸಿಕೊಂಡಳು. "ಹೇಳಿ ಆದ ಮೇಲೆ ನನ್ನ ಮುಖ ನೋಡ್ಬೇಡ. ಇದರ ಮುಖಾನೂ ನೋಡ್ಬೇಡ."

"ಆಯ್ತು," ಎಂದಳು ಅಕ್ಕ.

ತಮ್ಮನ ಹೆಂಡತಿ ಮುಂದೆ ನಡೆದಳು. ಕಣ್ಣು ಮುಚ್ಚಿ ನಿಂತವರ ನಡುವೆ ದಾರಿ ಮಾಡಿಕೊಂಡು, ಅವಳಿಂದ ಸ್ವಲ್ಪ ದೂರ ಉಳಿದು, ಅಕ್ಕ ಗೇಟಿನ ಕಡೆ ನಡೆದಳು.